ಹಲ್ಲಿನ ಎಕ್ಸ್‌ರೇ ಓದುವ ಕ್ರಮ

ನೋವಿರುವ ಹಲ್ಲನ್ನು ಕೊನೆಗೆ ನೋಡುವುದು ಹೊಸದಾಗಿ ವೃತ್ತಿಗೆ ಬಂದ ದಂತವೈದ್ಯರು ರೂಢಿಸಿಕೊಳ್ಳಬೇಕಾದ ಮೊದಲ ಶಿಸ್ತು; ಕಣ್ಣು ನೇರವಾಗಿ ಅಲ್ಲಿಗೇ ಹೋದರೆ ಪಕ್ಕದ ಹಲ್ಲಿನ ಹುಳುಕು ಗಮನಕ್ಕೆ ಬಾರದೇ ಹೋಗುತ್ತದೆ. ಮೊದಲು ಹೆಸರು, ತಾರೀಖು ಮತ್ತು ಬದಿಯನ್ನು ಖಚಿತಪಡಿಸಿಕೊಳ್ಳಿ. ರೋಗಿ ಎದುರಿಗೆ ಕುಳಿತಂತೆ ಭಾವಿಸಿ ನೋಡುವುದು ವಾಡಿಕೆಯಾದ್ದರಿಂದ, ಚಿತ್ರದ ಎಡಕ್ಕೆ ಕಾಣುವುದು ರೋಗಿಯ ಬಲಭಾಗ. ಫಿಲ್ಮ್ ಆಗಿದ್ದರೆ ಮೂಲೆಯ ಚುಕ್ಕೆಯ ಉಬ್ಬು ನಮ್ಮ ಕಡೆಗಿರಬೇಕು.

ಕಿರಣವನ್ನು ಹೆಚ್ಚು ತಡೆಯುವ ಎನಾಮೆಲ್ (ಹಲ್ಲಿನ ಗಟ್ಟಿಯಾದ ಹೊರಪದರ) ಮತ್ತು ಲೋಹದ ಕ್ಯಾಪ್ ಬೆಳ್ಳಗೆ, ಅದರಡಿಯ ಪದರವಾದ ಡೆಂಟಿನ್ ಬೂದು, ಒಳಗಿನ ತಿರುಳು ಕಪ್ಪಗೆ ಕಾಣುತ್ತವೆ. ಹುಳುಕೂ ಕಪ್ಪೇ. ಆದರೆ ಶೇಕಡಾ 30ರಿಂದ 40ರಷ್ಟು ಖನಿಜ ಕರಗುವ ತನಕ ಅದು ಚಿತ್ರದಲ್ಲಿ ಮೂಡದಿರುವುದರಿಂದ, ಬಾಯಲ್ಲಿರುವ ಹುಳುಕು ಚಿತ್ರ ತೋರಿಸುವುದಕ್ಕಿಂತ ಆಳವಾಗಿರುತ್ತದೆಂದೇ ತಿಳಿಯಬೇಕು. ಹಲ್ಲುಗಳ ನಡುವಿನ ಮೂಳೆಯ ಅಂಚು ಎನಾಮೆಲ್ ಮುಗಿಯುವಲ್ಲಿಂದ ಒಂದೆರಡು ಮಿಲಿಮೀಟರ್ ಕೆಳಗಿದ್ದರೆ ಸಹಜ. ಅದಕ್ಕಿಂತ ಇಳಿದಿದ್ದರೆ ವಸಡಿನ ರೋಗವನ್ನು ಶಂಕಿಸಬೇಕು.

ಹೆಚ್ಚಿನ ತಾಳ್ಮೆ ಬೇಕಾಗುವುದು ಬೇರಿನ ತುದಿಯಲ್ಲಿ. ಬೇರನ್ನು ಸುತ್ತುವರಿದ ತೆಳು ಕಪ್ಪು ಗೆರೆಯನ್ನೂ ಅದರಾಚೆಯ ಬಿಳಿ ಗೆರೆಯನ್ನೂ ಹಲ್ಲಿನ ಕುತ್ತಿಗೆಯಿಂದ ಹಿಡಿದು, ತುದಿಯನ್ನು ಸುತ್ತಿ, ಇನ್ನೊಂದು ಬದಿಯವರೆಗೆ ಬಿಡದೆ ಅನುಸರಿಸಿ. ತುದಿಯಲ್ಲಿ ಬಿಳಿ ಗೆರೆ ತುಂಡಾಗಿ ಕಪ್ಪು ಮಚ್ಚೆಯಿದ್ದರೆ ಸೋಂಕಿನ ಶಂಕೆ ಬಲವಾಗುತ್ತದೆ. ಕೆಳದವಡೆಯ ಮುಂದವಡೆ ಹಲ್ಲುಗಳ (ಕೋರೆಹಲ್ಲಿನ ಹಿಂದಿನ ಎರಡು ಹಲ್ಲುಗಳ) ಬಳಿ ಮಾತ್ರ ಅವಸರ ಸಲ್ಲದು: ಅಲ್ಲಿ ನರ ಹೊರಬರುವ ಸಹಜ ರಂಧ್ರವೂ ಅಂಥದೇ ಮಚ್ಚೆಯಾಗಿ ತೋರುತ್ತದೆ. ಕೋನ ಬದಲಿಸಿ ಇನ್ನೊಂದು ಚಿತ್ರ ತೆಗೆದಾಗ ಮಚ್ಚೆ ಬೇರಿನಿಂದ ಸರಿದು, ಗೆರೆ ಅಖಂಡವಾಗಿ ಕಂಡು, ಹಲ್ಲು ತಂಪಿಗೆ ಸಹಜವಾಗಿ ಸ್ಪಂದಿಸಿದರೆ ಅದು ರಂಧ್ರವೇ. ಆ ಹಲ್ಲಿಗೆ ರೂಟ್ ಕೆನಾಲ್ ಮಾಡುವುದು ಅನ್ಯಾಯ.

ಶಿರಸಿ, ಸಿದ್ದಾಪುರದ ಕಡೆ ಬಹುಕಾಲದಿಂದ ಕವಳ (ಎಲೆ-ಅಡಿಕೆ) ಹಾಕುವವರಲ್ಲಿ ಹಲ್ಲು ಸವೆದು ಬಿಳಿಯ ಪದರ ತೆಳುವಾಗಿರಬಹುದು, ತಿರುಳಿನ ಕೋಣೆಯೂ ಕಿರಿದಾಗಿರಬಹುದು. ಅಡಿಕೆಯಿಂದ ಕೆನ್ನೆಯ ಒಳಪದರ ಬಿಗಿದು ಬಾಯಿ ತೆರೆಯಲಾಗದವರಿಗೆ ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಇಡುವುದೇ ಕಷ್ಟವಾದಾಗ ಓಪಿಜಿ (ಬಾಯಿಯ ಹೊರಗಿನಿಂದ ಎರಡೂ ದವಡೆಗಳನ್ನು ಒಟ್ಟಿಗೆ ತೋರಿಸುವ ಎಕ್ಸ್‌ರೇ) ತೆಗೆಯಬೇಕಾಗುತ್ತದೆ. ಹಲ್ಲುಗಳ ಸಂದಿನ ಸಣ್ಣ ಹುಳುಕು ಅದರಲ್ಲಿ ಸ್ಪಷ್ಟವಾಗಿ ಕಾಣದು ಎಂಬುದು ನೆನಪಿರಲಿ.

ರೂಟ್ ಕೆನಾಲ್ ಆದ ಹಲ್ಲಿನ ತುದಿಯ ಮಚ್ಚೆ ಮಾಯಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುವುದರಿಂದ, ಅದು ಕುಗ್ಗುತ್ತಿದೆಯೋ ಹಿಗ್ಗುತ್ತಿದೆಯೋ ಎಂದು ತಿಳಿಯಲು ಹಳೆಯ ಚಿತ್ರ ಬೇಕೇ ಬೇಕು. ಕಾರವಾರ, ಕುಮಟಾದ ಮಳೆಗಾಲದ ತೇವಕ್ಕೆ ಫಿಲ್ಮುಗಳು ಒಂದಕ್ಕೊಂದು ಅಂಟಿಕೊಳ್ಳುವುದುಂಟು. ಒಂದೊಂದನ್ನೂ ಬೇರೆ ಬೇರೆ ಲಕೋಟೆಯಲ್ಲಿಟ್ಟು, ಪ್ರತಿ ಸಲವೂ ತರಬೇಕೆಂದು ರೋಗಿಗೆ ತಿಳಿಸಿ.