ಲಿವರ್ ಕ್ಯಾನ್ಸರ್: ಆಪರೇಷನ್ ಆಗಲ್ಲ ಅಂದರೆ ಮುಂದೇನು?

'ಆಪರೇಷನ್ ಮಾಡೋಕಾಗಲ್ಲ' ಎಂದು ಡಾಕ್ಟರ್ ಹೇಳಿದ ಕೂಡಲೇ ಮನೆಯವರು ಎಲ್ಲಾ ಮುಗಿಯಿತು ಎಂದು ಕೂತುಬಿಡುತ್ತಾರೆ. ಹಾಗೇನಿಲ್ಲ. ಬೇರೆ ದಾರಿಗಳಿವೆ, ಯಾವುದು ಯಾರಿಗೆ ಎನ್ನುವುದೇ ತಲೆನೋವು.

ಮೊದಲು ಗಡ್ಡೆ ಬಿಡಿ, ಲಿವರ್ ಹೇಗಿದೆ ಎಂದು ಕೇಳಿ. ಈ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದೇ ಸಿರೋಸಿಸ್‌ನಿಂದ, ಅಂದರೆ ಗಾಯದ ಕಲೆ ಕಟ್ಟಿ ಗಟ್ಟಿಯಾಗುವ ಕಾಯಿಲೆಯಿಂದ, ಸೊರಗಿದ ಲಿವರ್‌ನಲ್ಲಿ. ಗಡ್ಡೆಗೆ ಕೊಟ್ಟ ಏಟನ್ನು ಉಳಿದ ಲಿವರ್ ತಡೆದುಕೊಳ್ಳಬೇಕಲ್ವಾ? ಬಿಲಿರುಬಿನ್, ಅಲ್ಬುಮಿನ್, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ, ಹೊಟ್ಟೆಯಲ್ಲಿ ನೀರು, ಮಂಪರು, ಈ ಐದನ್ನು ನೋಡಿ ಚೈಲ್ಡ್-ಪ್ಯೂ ಎ, ಬಿ, ಸಿ ಎಂದು ದರ್ಜೆ ಕೊಡುತ್ತಾರೆ. 'ಎ' ಆದರೆ ಆಯ್ಕೆ ಜಾಸ್ತಿ. 'ಸಿ' ಆಗಿ, ಲಿವರ್ ಕಸಿಯೂ ಆಗದಿದ್ದರೆ ನೋವು ತಗ್ಗಿಸುವ ಆರೈಕೆಯೇ ಸರಿಯಾದ ಚಿಕಿತ್ಸೆ.

ಆಮೇಲೆ ಸ್ಕ್ಯಾನ್. ಗಡ್ಡೆ ಎಷ್ಟು, ಎಷ್ಟು ದೊಡ್ಡದು, ಕರುಳಿನಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ರಕ್ತನಾಳಕ್ಕೆ ಇಳಿದಿದೆಯಾ, ಲಿವರ್ ದಾಟಿದೆಯಾ?

3 ಸೆಂ.ಮೀ. ಒಳಗಿನ ಒಂದೆರಡು ಗಡ್ಡೆ ಇದ್ದರೆ ಚರ್ಮದ ಮೂಲಕ ಸೂಜಿ ಇಳಿಸಿ ಸುಡಬಹುದು. ಇದು ಅಬ್ಲೇಶನ್. ಪಕ್ಕದಲ್ಲೇ ದೊಡ್ಡ ರಕ್ತನಾಳವಿದ್ದರೆ ಹರಿಯುವ ರಕ್ತ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ, ಆಗ ರೇಡಿಯೋ ತರಂಗಕ್ಕಿಂತ ಮೈಕ್ರೋವೇವ್ ವಾಸಿ.

ಗಡ್ಡೆ ಹಲವು, ಆದರೆ ಲಿವರ್ ಒಳಗೇ ಇವೆ ಎಂದರೆ ಟೇಸ್ (TACE) ಎಂಬ ಚಿಕಿತ್ಸೆ. ಇದರ ಉಪಾಯ ನನಗೆ ತುಂಬಾ ಇಷ್ಟ. ಲಿವರ್‌ಗೆ ಮುಕ್ಕಾಲು ಪಾಲು ರಕ್ತ ಪೋರ್ಟಲ್ ನಾಳದಿಂದ ಬರುತ್ತದೆ, ಗಡ್ಡೆಯಾದರೋ ಹೆಚ್ಚಾಗಿ ಹೆಪಾಟಿಕ್ ಅಪಧಮನಿಯಿಂದ ಕುಡಿಯುತ್ತದೆ. ತೊಡೆಸಂದು ಅಥವಾ ಮಣಿಕಟ್ಟಿನಿಂದ ಸಣ್ಣ ನಳಿಕೆ ತೂರಿಸಿ, ಆ ಅಪಧಮನಿಯ ಕವಲಿಗೇ ಕೀಮೋ ಔಷಧಿ ಬಿಟ್ಟು ದಾರಿ ಮುಚ್ಚಿದರೆ ಗಡ್ಡೆ ಉಪವಾಸ ಬೀಳುತ್ತದೆ, ಉಳಿದ ಲಿವರ್ ಬದುಕಿಕೊಳ್ಳುತ್ತದೆ. ಆಮೇಲೆ ಕೆಲವು ದಿನ ಜ್ವರ, ನೋವು, ವಾಕರಿಕೆ ಸಾಮಾನ್ಯ. ಚಳಿ ನಡುಕ ಬಂದರೆ, ಕಣ್ಣು ಹಳದಿಯಾದರೆ ಮಾತ್ರ ಸುಮ್ನೆ ಕೂರಬೇಡಿ.

ಇದೇ ದಾರಿಯಲ್ಲಿ ಯಿಟ್ರಿಯಂ-90 ಎಂಬ ವಿಕಿರಣದ ಸಣ್ಣ ಮಣಿಗಳನ್ನೂ ಕಳಿಸುತ್ತಾರೆ. ಅದಕ್ಕೆ ಮುಂಚೆ ಮಣಿಗಳು ಶ್ವಾಸಕೋಶಕ್ಕೆ ಸೋರುತ್ತವೆಯೇ ಎಂದು ಪರೀಕ್ಷೆ ಕಡ್ಡಾಯ. ಹೊರಗಿನಿಂದ ಗುರಿಯಿಟ್ಟು ಕೊಡುವ ರೇಡಿಯೇಶನ್ ಕೂಡ ಇದೆ.

ಲಿವರ್ ದಾಟಿದ್ದರೆ ಔಷಧಿ. 2007ರಲ್ಲಿ ಒಪ್ಪಿಗೆ ಸಿಕ್ಕ ಸೊರಾಫೆನಿಬ್ ಮಾತ್ರೆಯೇ ಬಹಳ ವರ್ಷ ಗತಿಯಾಗಿತ್ತು. 2020ರಿಂದ ಅಟೆಜೊಲಿಜುಮ್ಯಾಬ್, ಬೆವಾಸಿಜುಮ್ಯಾಬ್ ಜೋಡಿ ಬಂತು, ಮೂರು ವಾರಕ್ಕೊಮ್ಮೆ ಡ್ರಿಪ್. ಇದರಿಂದ ರಕ್ತಸ್ರಾವದ ಭಯವಿದೆ, ಹಾಗಾಗಿ ಅನ್ನನಾಳದ ರಕ್ತನಾಳ ಉಬ್ಬಿದೆಯಾ ಎಂದು ಮೊದಲೇ ಎಂಡೋಸ್ಕೋಪಿ ಮಾಡಿಸಿ.

ಅಬ್ಲೇಶನ್ ಅಥವಾ ಟೇಸ್ ಆಗಿ ತಿಂಗಳು, ಒಂದೂವರೆ ತಿಂಗಳಿಗೆ ಮತ್ತೆ ಸ್ಕ್ಯಾನ್. ಗಡ್ಡೆ ಅಷ್ಟೇ ದೊಡ್ಡದಾಗಿ ಕಂಡರೆ ಗಾಬರಿ ಬೇಡ, ಸತ್ತ ಗಡ್ಡೆಯೂ ಅಲ್ಲೇ ಇರುತ್ತದೆ. 'ಇದರಲ್ಲಿ ಜೀವ ಇರುವ ಭಾಗ ಎಷ್ಟು?' ಎಂದು ಕೇಳಿ.