ಖೋಟಾ ನೋಟನ್ನು ಕೌಂಟರ್‌ನಲ್ಲೇ ಹಿಡಿದೆವು: ನನ್ನ ಅನುಭವ

ಒಳಗಿನ ರೂಮಿನಲ್ಲಿದ್ದ, ಅಸಲಿ-ಖೋಟಾ ನೋಟು ಬೇರ್ಪಡಿಸುವ ಸಾರ್ಟಿಂಗ್ ಮಷೀನನ್ನು ಕೌಂಟರ್‌ಗೆ ತರೋಣ ಎಂದು ಕ್ಯಾಷಿಯರ್ ಆದ ನಾನು ಹೇಳಿದಾಗ ನಮ್ಮ ಬ್ಯಾಂಕ್ ಶಾಖೆಯಲ್ಲಿ ಯಾರೂ ಒಪ್ಪಲಿಲ್ಲ. 'ಕ್ಯೂ ರಸ್ತೆಗೆ ಬರುತ್ತೆ, ಬೈಸಿಕೊಳ್ಳೋರು ನೀವೇ' ಎಂದರು ಮ್ಯಾನೇಜರ್. ಈಗ ಎರಡು ವರ್ಷದ ಹತ್ತಿರ ಆಯಿತು. ಶಾಖೆಗಳ ಹೆಚ್ಚುವರಿ ನಗದು ಹೋಗಿ ಸೇರುವ ಕರೆನ್ಸಿ ಚೆಸ್ಟ್‌ನಿಂದ, ಖೋಟಾ ಸಿಕ್ಕಿತೆಂದು ನಮ್ಮ ಲೆಕ್ಕದಿಂದ ಹಣ ಕಡಿದ ಡೆಬಿಟ್ ಒಂದೂ ಬಂದಿಲ್ಲ.

ನಮ್ಮದು ಶಿವಮೊಗ್ಗ ಕಡೆಯ ಅಡಿಕೆ ಪೇಟೆ. ಸೀಸನ್‌ನಲ್ಲಿ ಮಂಡಿಯವರು ಐನೂರರ ಕಟ್ಟುಗಳನ್ನು ಚೀಲದಲ್ಲೇ ತಂದು ಸುರಿಯುತ್ತಾರೆ. ಮೊದಲು ಹಗಲೆಲ್ಲ ಎಣಿಸಿ ತೆಗೆದುಕೊಂಡು, ಸಂಜೆ ಸಾರ್ಟಿಂಗ್‌ಗೆ ಹಾಕುತ್ತಿದ್ದೆವು. ನೂರು ಮತ್ತು ಅದಕ್ಕಿಂತ ಮೇಲಿನ ನೋಟು ಮಷೀನ್ ದಾಟದೆ ಮತ್ತೆ ಹೊರಗೆ ಹೋಗಬಾರದು ಎಂಬ ಆರ್‌ಬಿಐ ನಿಯಮವೇನೋ ಪಾಲನೆಯಾಗುತ್ತಿತ್ತು. ಆದರೆ ಸಂಜೆ ಖೋಟಾ ಸಿಕ್ಕರೆ ಅದು ಯಾರದು ಅನ್ನೋದು? ಅಷ್ಟು ಹೊತ್ತಿಗೆ ಎಲ್ಲರ ದುಡ್ಡೂ ಕಲೆತಿರುತ್ತದೆ. ನೋಟಿಗೆ ಖೋಟಾ ಎಂಬ ಸ್ಟಾಂಪ್ ಬೀಳುತ್ತದೆ, ರಿಜಿಸ್ಟರ್‌ಗೆ ಹತ್ತುತ್ತದೆ, ಕೊರತೆ ತುಂಬೋದು ಮಾತ್ರ ಕ್ಯಾಷಿಯರ್ ಜೇಬು. ನಾವು ಮೂವರು ಕ್ಯಾಷಿಯರ್‌ಗಳು ಸೇರಿ ವರ್ಷಕ್ಕೆ ಐದಾರು ಸಾವಿರ ಹೀಗೆ ಕಟ್ಟಿದ್ದುಂಟು. ಆರ್‌ಬಿಐಗೆ ಕಳಿಸಿದ ಹಣದಲ್ಲಿ ಸಿಕ್ಕರಂತೂ ಬ್ಯಾಂಕಿಗೆ ನೋಟಿನ ಬೆಲೆಯ ಜೊತೆಗೆ ಅಷ್ಟೇ ಮೊತ್ತದ ದಂಡ ಬೇರೆ.

ಮಷೀನ್ ಹೊರಗೆ ತಂದ ಮೊದಲ ವಾರ ಮರ್ಯಾದೆ ಹೋಯಿತು. ಒಂದು ಕಟ್ಟಿಗೆ ಹದಿನೈದಿಪ್ಪತ್ತು ನೋಟು ರಿಜೆಕ್ಟ್, ಎಲ್ಲವೂ ಅಸಲಿ! ಸರ್ವಿಸ್‌ನವನು ಬೋರ್ಡ್ ಬದಲಿಸಬೇಕು, ಇಪ್ಪತ್ತು ಸಾವಿರದ ಮೇಲಾಗುತ್ತೆ ಎಂದ. ನಾನು ಒಂದು ದಿನ ಸುಮ್ನೆ ಪಕ್ಕದಲ್ಲಿ ಕೂತು ನೋಡಿದೆ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೇರ ಮಷೀನ್ ಬಾಯಿಗೆ ಬೀಳುತ್ತಿತ್ತು. ಸೆನ್ಸರ್ ಗಾಜಿನ ಮೇಲೆ ಚೀಲಗಳ ಧೂಳು. ಕಿಟಕಿಗೆ ಪರದೆ ಹಾಕಿಸಿದೆ, ಊಟದ ಹೊತ್ತಿಗೊಮ್ಮೆ ಬ್ರಷ್ ಆಡಿಸಿದೆ. ಆರೇಳು ನೂರು ಖರ್ಚಿನಲ್ಲಿ ರಿಜೆಕ್ಟ್ ಮೂರ್ನಾಲ್ಕಕ್ಕೆ ಇಳಿಯಿತು. ಕ್ಯೂ ಸಮಸ್ಯೆಗೆ ಮಂಡಿಯವರನ್ನೆಲ್ಲ ಬೆಳಿಗ್ಗೆಯ ಮೊದಲ ಗಂಟೆಗೆ ಬರಹೇಳಿದೆ. ಗೊಣಗಿದರು, ಬಂದರು.

ರಿಜೆಕ್ಟ್ ಆದದ್ದನ್ನು ತಿರುಗಿಸಿ ಇನ್ನೊಮ್ಮೆ ಹಾಕುತ್ತೇನೆ. ಆಗಲೂ ಹೊರಬಿದ್ದರೆ ಯುವಿ (ನೇರಳಾತೀತ ಬೆಳಕಿನ) ದೀಪದಲ್ಲಿ ನೋಡುತ್ತೇನೆ, ಆಮೇಲೆ ಕೈಯಲ್ಲಿ ಮುಟ್ಟಿ. ಕಳೆದ ಸೀಸನ್‌ನಲ್ಲಿ ಸಿಕ್ಕ ಒಂದು ಐನೂರು ನೋಡಲು ಬಲು ಚೆನ್ನಾಗಿತ್ತು. ಓರೆ ಮಾಡಿದರೆ ನೋಟಿನೊಳಗಿನ ಭದ್ರತಾ ದಾರ ಹಸಿರಿನಿಂದ ನೀಲಿಗೆ ತಿರುಗಬೇಕಲ್ವಾ? ಹಸಿರಾಗೇ ಉಳಿಯಿತು. ಅಂಚಿನ ಐದು ಉಬ್ಬು ಗೆರೆ ಉಗುರಿಗೆ ತಗುಲಲೇ ಇಲ್ಲ. ನಾನು ಬೆರಳಲ್ಲೇ ಮಾಡುವ ಇನ್ನೊಂದು ಪರೀಕ್ಷೆ ಇದೆ, ಅದನ್ನು ಬರೆಯುವುದಿಲ್ಲ. ಓದುವವರೆಲ್ಲ ಕ್ಯಾಷಿಯರ್‌ಗಳೇ ಅಂತ ಏನು ಗ್ಯಾರಂಟಿ?

ಯುವಿ ದೀಪವೊಂದನ್ನೇ ನಂಬಬೇಡಿ. ಸಾದಾ ಕಾಗದ ಫಳಫಳ ಹೊಳೆಯುತ್ತದೆ, ಅಸಲಿ ನೋಟು ಮಂಕಾಗಿರುತ್ತದೆ, ಸರಿ. ಆದರೆ ನಾನು ಸ್ವಂತ ನೂರು ರೂಪಾಯಿಯೊಂದನ್ನು ಡಿಟರ್ಜೆಂಟ್ ಪುಡಿಯಲ್ಲಿ ನೆನೆಸಿ ಒಣಗಿಸಿ ನೋಡಿದೆ. ಅದೂ ಖೋಟಾದ ಹಾಗೇ ಹೊಳೆಯಿತು! ಅಂಗಿ ಜೇಬಿನಲ್ಲಿ ಒಗೆದುಹೋದ ನೋಟುಗಳ ಕಥೆಯೂ ಇದೇ. ದೇವಸ್ಥಾನದ ಹುಂಡಿ ನೋಟಿನ ಅರಿಶಿನವಂತೂ ಹಳದಿ-ಹಸಿರು ಬೆಳಗುತ್ತದೆ. ಹೆಂಡತಿ ಇಂದಿಗೂ ಆ ನೂರು ರೂಪಾಯಿಯ ಲೆಕ್ಕ ಕೇಳುತ್ತಾಳೆ.

ದೊಡ್ಡ ಲಾಭ ಜಗಳ ಕಡಿಮೆಯಾದದ್ದು. ಗಿರಾಕಿ ಎದುರಲ್ಲೇ ಮಷೀನ್ ನೋಟನ್ನು ಹೊರಗೆ ಹಾಕುತ್ತದೆ, ಅವರ ಕಣ್ಣೆದುರೇ ಸ್ಟಾಂಪ್. ಹರಿದು ಹಾಕಿಬಿಡಿ, ವಾಪಸ್ ಕೊಡಿ ಎಂದು ಬೇಡಿಕೊಳ್ಳುತ್ತಾರೆ. ಕೊಡುವಂತಿಲ್ಲ, ರಸೀದಿ ಕೊಡುತ್ತೇನೆ. ಸಹಿ ಹಾಕಲ್ಲ ಎಂದರೂ ರಸೀದಿ ಕೊಡಲೇಬೇಕು. ಒಂದೇ ಸಲಕ್ಕೆ ನಾಲ್ಕರವರೆಗೆ ಇದ್ದರೆ ತಿಂಗಳ ವರದಿಯಲ್ಲಿ ಪೊಲೀಸರಿಗೆ ಹೋಗುತ್ತದೆ. ಐದಾದರೆ ಎಫ್‌ಐಆರ್.

ಎಟಿಎಂ ಒಳಗೆ ನೋಟು ತುಂಬುವ ಪೆಟ್ಟಿಗೆಗೆ, ಅಂದರೆ ಕ್ಯಾಸೆಟ್‌ಗೆ, ಕೌಂಟರ್ ಮಷೀನ್ ದಾಟಿದ ಕಟ್ಟು ಮಾತ್ರ. ಕಟ್ಟಿಗೆ ಸುತ್ತಿದ ಕಾಗದದ ಪಟ್ಟಿಯ ಮೇಲೆ ತಾರೀಖು, ಸಾರ್ಟ್ ಮಾಡಿದವರ ಸಹಿ ಇರುತ್ತದೆ, ಯಾವ ಕ್ಯಾಸೆಟ್‌ಗೆ ಹೋಯಿತೆಂದು ಪುಸ್ತಕದಲ್ಲೂ ಬರೆಯುತ್ತೇವೆ. 'ನಿಮ್ಮ ಎಟಿಎಂನಲ್ಲಿ ಖೋಟಾ ಬಂತು' ಎಂದು ಬಂದವರಿಗೆ ಈಗ ಆ ಪುಸ್ತಕ ತೆಗೆದು ತೋರಿಸುತ್ತೇನೆ.

ಉಳಿದಿರುವುದು ಹೊರಗಿನ ಡೆಪಾಸಿಟ್ ಮಷೀನ್. ಅದರಲ್ಲಿ ಬಂದ ನೋಟನ್ನು ಅದೇ ಮತ್ತೆ ಕೊಡುವ ಹಾಗೆ ಮಾಡಿ ಎಂದು ಮೇಲಿನವರ ಒತ್ತಾಯ ಜಾಸ್ತಿಯಾಗಿದೆ. ಸದ್ಯಕ್ಕೆ ಆ ದುಡ್ಡನ್ನೂ ಸಂಜೆ ತೆಗೆದು ಸಾರ್ಟಿಂಗ್‌ಗೆ ಹಾಕಿಸುತ್ತಿದ್ದೇನೆ. ಈ ಅಡಿಕೆ ಸೀಸನ್ ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದೇನೆ.