ಔಷಧಿ ಕೌಂಟರ್ ಮುಂದೆ ಸಿಕ್ಕ ಸೇವೆ

ಮದುವೆಯಾಗಿ ಕೋಲಾರಕ್ಕೆ ಬಂದಾಗಿನಿಂದ ನಾನು ಕೈವಾರ ತಾತಯ್ಯನವರ ಪದಗಳನ್ನು ಹಾಡುವ ಭಜನೆ ಮಂಡಳಿಯಲ್ಲಿದ್ದೇನೆ. ನಮ್ಮ ಕಡೆಯವರಿಗೆ ತಾತಯ್ಯ ಮನೆಯ ಹಿರಿಯರಿದ್ದ ಹಾಗೆ. ಬಳೆ ಮಾರುತ್ತಿದ್ದವರು ಯೋಗಿಯಾಗಿ, ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದಾಗ ಕೈವಾರ ಅತ್ತ ಸೇರಿತು. ಆದರೂ ಗುರುಪೂರ್ಣಿಮೆ ಬಂತೆಂದರೆ ಕೋಲಾರದವರು ಈಗಲೂ ಕೈವಾರದ ಬಸ್ಸು ಹತ್ತುತ್ತಾರೆ.

ಇಷ್ಟೆಲ್ಲ ಇದ್ದೂ ನಡುವೆ ಒಂದು ಕಾಲ ಬಂತು. ಹಾಡು ಬಾಯಲ್ಲಿರುತ್ತಿತ್ತು, ಮನಸ್ಸು ಇನ್ನೆಲ್ಲೋ ಇರುತ್ತಿತ್ತು. ದೀಪ ಹಚ್ಚುತ್ತಿದ್ದೆ, ಜಪ ಮಾಡುತ್ತಿದ್ದೆ, ಒಳಗೆ ಏನೂ ಆಗುತ್ತಿರಲಿಲ್ಲ. ಮಂಡಳಿಯ ಹಿರಿಯರನ್ನು ಕೇಳಿದೆ. ಜಪ ಜಾಸ್ತಿ ಮಾಡು ಅಂದರು ಒಬ್ಬರು, ಉಪವಾಸ ಹಿಡಿ ಅಂದರು ಇನ್ನೊಬ್ಬರು. ಎರಡನ್ನೂ ಮಾಡಿದೆ. ಕಾರ್ತಿಕ ಸೋಮವಾರ ಅಂತರಗಂಗೆಯ ಮೆಟ್ಟಿಲು ಹತ್ತಿ, ಕಲ್ಲಿನ ಬಸವನ ಬಾಯಿಂದ ಬೀಳುವ ನೀರಿಗೆ ಕೈಯೊಡ್ಡಿ ನಿಂತೆ. ನೀರು ತಣ್ಣಗಿತ್ತು. ಅಷ್ಟೇ. ಈ ಒಣ ಕಾಲ ಭಕ್ತಿ ಮಾರ್ಗದಲ್ಲಿರುವ ತುಂಬ ಜನರಿಗೆ ಬರುತ್ತದೆ, ಆದರೆ ಬಾಯಿಬಿಟ್ಟು ಹೇಳಿಕೊಳ್ಳುವವರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಅದೇ ಸಮಯಕ್ಕೆ ನಮ್ಮ ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಹನಿ ಔಷಧಿಗೆ ಕ್ಯೂ ನಿಂತಿದ್ದೆ. ಮುಂದಿದ್ದ ತಾತ ಔಷಧಿ ತಗೊಂಡು ಹೊರಟವರು ಹೋಗಲಿಲ್ಲ, ಅಲ್ಲೇ ಕಂಬದ ಹತ್ತಿರ ನಿಂತುಕೊಂಡರು. ಕೈಯಲ್ಲಿ ಮೂರು ಥರದ ಗುಳಿಗೆ, ಮಡಿಸಿ ಮಡಿಸಿ ಹರಿಯುವ ಹಾಗಾಗಿದ್ದ ಒಂದು ಚೀಟಿ. ನನ್ನ ಸರದಿ ಮುಗಿದ ಮೇಲೆ ತೆಲುಗಿನಲ್ಲಿ ಕೇಳಿದರು, "ಅಮ್ಮಾ, ಇದನ್ನ ಒಂಚೂರು ನೋಡಿ ಹೇಳ್ತೀಯಾ?" ಮುಳಬಾಗಿಲು ಕಡೆಯ ಹಳ್ಳಿಯವರು. ಓದು ಬರೆಹ ಇಲ್ಲ.

ಚೀಟಿಯಲ್ಲಿ 1-0-1 ಅಂತಿತ್ತು. ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು. ಇನ್ನೊಂದು 1-0-0. ಕೌಂಟರಿನಲ್ಲಿ ಅವರಿಗೆ ಹೇಳಿಯೇ ಇದ್ದರು. ಆದರೆ ಮೂರು ಗುಳಿಗೆಯ ಲೆಕ್ಕವನ್ನು ಒಂದೇ ಉಸಿರಿಗೆ ಹೇಳಿದರೆ ಯಾರ ನೆನಪಲ್ಲಿ ಉಳಿಯುತ್ತದೆ? ನಾನೂ ಹೇಳಿದೆ, ಅವರು ತಲೆಯಾಡಿಸಿದರು. ತಿರುಗಿ ಹೇಳಿ ತಾತ ಅಂದಾಗ ಹೇಳಲು ಆಗಲಿಲ್ಲ. ಆಗ ಚೀಲದಲ್ಲಿದ್ದ ಪೆನ್ನು ತೆಗೆದೆ. ಕಾಗದದ ಕವರ್ ಮೇಲೆ ಬೆಳಿಗ್ಗೆಗೆ ಸೂರ್ಯ ಬರೆದೆ, ರಾತ್ರಿಗೆ ಚಂದ್ರ. ಊಟಕ್ಕೆ ಮುಂಚಿನದಕ್ಕೆ ಬರೀ ತಟ್ಟೆ. ಊಟ ಆದ ಮೇಲಿನದಕ್ಕೆ ತಟ್ಟೆಯ ನಡುವೆ ಒಂದು ದುಂಡಗಿನ ಮುದ್ದೆ. ತಾತ ಆ ಮುದ್ದೆಯ ಮೇಲೆ ಬೆರಳಿಟ್ಟು ನಕ್ಕರು. ಆಮೇಲೆ ಮೂರು ಕವರನ್ನೂ ತಾವೇ ಓದಿ ಹೇಳಿದರು, ಒಂದೂ ತಪ್ಪಲಿಲ್ಲ. "ತಣ್ಣಗಿರಮ್ಮಾ" ಅಂತ ಹೇಳಿ ಬಸ್‌ಸ್ಟ್ಯಾಂಡಿನ ಕಡೆ ಹೋದರು.

ಆ ಸಂಜೆ ಭಜನೆಯಲ್ಲಿ ಹೊಸದೇನೂ ಹಾಡಲಿಲ್ಲ. ಅದೇ ತಾಳ, ಅದೇ ಪದ. ಆದರೆ ಹಾಡುತ್ತಾ ಆ ತಾತ ಮನೆ ಸೇರಿದರಾ, ಚಂದ್ರನ ಗುಳಿಗೆ ತಗೊಂಡರಾ ಅನ್ನೋ ಯೋಚನೆ ಬಂತು. ಅವರನ್ನು ಕಾಪಾಡಪ್ಪಾ ಅಂತ ತಾತಯ್ಯನ ಪಟದ ಮುಂದೆ ಕೇಳಿಕೊಂಡೆ. ಎಷ್ಟೋ ಕಾಲದ ಮೇಲೆ ಮನಸ್ಸಿಟ್ಟು ಕೇಳಿಕೊಂಡಿದ್ದು ಅದು. ಅಳು ಬಂತು. ಮುಚ್ಚಿಕೊಳ್ಳಲಿಲ್ಲ.

ಮತ್ತೆ ಆಸ್ಪತ್ರೆಗೆ ಹೋದೆ. ಈ ಸಲ ಅತ್ತೆಯ ಜೊತೆ ಅಲ್ಲ, ಸುಮ್ನೆ. ಮೊದಲು ಆಸ್ಪತ್ರೆಯ ಹಿರಿಯ ಡಾಕ್ಟರನ್ನು ಕಂಡು, ಕಾಯುವವರ ಬೆಂಚಿನಲ್ಲಿ ಕೂರಬಹುದೇ, ಯಾರಾದರೂ ಕೇಳಿದರೆ ಚೀಟಿ ಓದಿ ಹೇಳಬಹುದೇ ಅಂತ ಅನುಮತಿ ಕೇಳಿದೆ. ಅವರು ಒಂದೇ ಮಾತು ಹೇಳಿದರು, ಚೀಟಿಯಲ್ಲಿ ಇಲ್ಲದ್ದು ಒಂದು ಅಕ್ಷರವೂ ಹೇಳಬೇಡಿ. ಅದನ್ನು ಇವತ್ತಿಗೂ ಪಾಲಿಸುತ್ತೇನೆ. ಓದಲು ಕಷ್ಟವಾದರೆ ಊಹೆ ಮಾಡುವುದಿಲ್ಲ, ಕೌಂಟರಿಗೇ ಕರೆದುಕೊಂಡು ಹೋಗಿ ಕೇಳುತ್ತೇನೆ. ಗುಳಿಗೆಯನ್ನು ಪಟ್ಟಿಯಿಂದ ಬಿಡಿಸಿ ಹಾಕುವುದಿಲ್ಲ. ಹೆಸರು, ಮುಗಿಯುವ ತಾರೀಖು ಎಲ್ಲ ಪಟ್ಟಿಯ ಮೇಲೆಯೇ ಇರುತ್ತದಲ್ವಾ? ಪಟ್ಟಿ ಸಮೇತ ಕವರಿಗೆ ಹಾಕಿ ಹೊರಗೆ ಚಿತ್ರ ಬರೆಯುತ್ತೇನೆ. ಯಾರಿಗೆ ಏನು ಕಾಯಿಲೆ ಅನ್ನುವುದು ನನ್ನ ಬಾಯಿಂದ ಮನೆಯಲ್ಲೂ ಹೊರಬರುವುದಿಲ್ಲ.

ನಮ್ಮ ಜಿಲ್ಲೆಗೆ ಇನ್ನೊಂದು ವಿಶೇಷ ಇದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ತೆಲುಗೇ ಮಾತು. ಡಾಕ್ಟರು ಹಾವೇರಿ ಕಡೆಯವರೋ ಉಡುಪಿ ಕಡೆಯವರೋ ಆಗಿದ್ದರೆ ಪಾಪ ಅವರೇನು ಮಾಡ್ತಾರೆ? ಒಮ್ಮೆ ಒಬ್ಬ ಅಜ್ಜಿ ಮಂಡಿ ಹಿಡಿದುಕೊಂಡು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಡಾಕ್ಟರಿಗೆ ನೋವು ಅಂತ ಗೊತ್ತಾಗುತ್ತಿತ್ತು, ಉಳಿದದ್ದು ತಿಳಿಯುತ್ತಿರಲಿಲ್ಲ. ಸಿಸ್ಟರ್ ನನ್ನನ್ನು ಕರೆದರು. ಅಜ್ಜಿ ಹೇಳುತ್ತಿದ್ದುದು ಇಷ್ಟು: ನಮ್ಮ ಬೀದಿಯಲ್ಲಿ ಎಲ್ಲರ ಮಂಡಿಯೂ ಹೀಗೇ, ಎಲ್ಲ ಒಂದೇ ಬೋರ್‌ವೆಲ್ ನೀರು ಕುಡೀತೀವಿ. ಇದನ್ನು ಕೇಳಿದ ಕೂಡಲೇ ಡಾಕ್ಟರು ನೀರಿನ ಬಗ್ಗೆ ಪ್ರಶ್ನೆ ಶುರುಮಾಡಿದರು. ಕೋಲಾರದಲ್ಲಿ ಫ್ಲೋರೈಡ್ ಹಳೆಯ ಪೀಡೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಮೂಳೆ ಕೀಲು ಬಿಗಿಯುತ್ತದೆ. ನಾನು ಮಾಡಿದ್ದು ಅಜ್ಜಿಯ ಮಾತನ್ನು ಈ ಕಡೆಯಿಂದ ಆ ಕಡೆಗೆ ದಾಟಿಸಿದ್ದು ಅಷ್ಟೇ.

ನಾಯಿ ಕಚ್ಚಿದ ಮಗುವನ್ನು ಕರೆತಂದ ತಾಯಿಯೊಬ್ಬಳ ಚೀಟಿಯಲ್ಲಿ 0, 3, 7, 28 ಅಂತ ಬರೆದಿತ್ತು. ಅದು ಏನು ಅಂತ ಅವಳಿಗೆ ತಿಳಿದಿರಲಿಲ್ಲ. ಮೊದಲ ಸೂಜಿಯ ದಿನ ಸೊನ್ನೆ, ಅಲ್ಲಿಂದ ಎಣಿಸಬೇಕು. ಸಿಸ್ಟರನ್ನು ಕೇಳಿ ಖಚಿತ ಮಾಡಿಕೊಂಡು, ಪ್ರತಿಯೊಂದಕ್ಕೂ ತಾರೀಖು, ವಾರ ಬರೆದುಕೊಟ್ಟೆ. ಕೂಲಿ ಕೆಲಸದವಳು. ಒಂದು ದಿನದ ಕೂಲಿ ಬಿಟ್ಟು ಬರಬೇಕು ಅಂದರೆ ಯಾವ ದಿನ ಅಂತ ಮೊದಲೇ ಗೊತ್ತಿರಬೇಕು.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದ ಬಗ್ಗೆಯೂ ಸ್ವಲ್ಪ ಕಲಿತುಕೊಂಡೆ, ಕೇಳುವವರು ಜಾಸ್ತಿ. 2018ರಿಂದ ಇರುವ ಯೋಜನೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ರೇಷನ್ ಕಾರ್ಡು, ಆಧಾರ್ ಎರಡೂ ತರಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಗೆ ಅಲ್ಲಿಂದಲೇ ರೆಫರಲ್ ಚೀಟಿ ಬರೆಸಿಕೊಂಡು ಹೋಗಬೇಕು. ದೂರದ ಹಳ್ಳಿಯಿಂದ ಬಂದು ಕಾರ್ಡು ಮರೆತು ವಾಪಸ್ ಹೋಗುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಭಜನೆ ಮುಗಿದ ಮೇಲೆ ಮಂಡಳಿಯ ಹೆಂಗಸರಿಗೂ ಇದನ್ನೆಲ್ಲ ಹೇಳುತ್ತಿರುತ್ತೇನೆ. ಅವರು ತಮ್ಮ ತಮ್ಮ ತವರಿಗೆ ಹೇಳುತ್ತಾರೆ.

ಹುಟ್ಟುಹಬ್ಬಕ್ಕೆ ಆಸ್ಪತ್ರೆಯಲ್ಲಿ ಹಣ್ಣು ಹಂಚುವವರನ್ನು ನೋಡಿದ್ದೇನೆ, ನಮ್ಮ ಮಂಡಳಿಯೂ ಹಂಚಿದೆ. ಒಳ್ಳೆಯ ಕೆಲಸವೇ. ಆದರೆ ನನ್ನೊಳಗಿನ ಒಣಗು ಅದರಿಂದ ಹೋಗಲಿಲ್ಲ. ಎಷ್ಟು ಹಣ್ಣು, ಯಾವ ವಾರ್ಡು, ಎಷ್ಟು ಹೊತ್ತಿಗೆ, ಎಲ್ಲ ನಾವೇ ಗೊತ್ತುಮಾಡಿದ್ದು. ಬೇಕಾ ಅಂತ ಯಾರನ್ನೂ ಕೇಳಿರಲಿಲ್ಲ. ತಾನಾಗಿ ಬಂದ ಕೆಲಸದಲ್ಲಿ ಹಾಗಿಲ್ಲ. ಬೆಂಚಿನಲ್ಲಿ ಕೂತಾಗ ಮುಂದೆ ಬರುವವರು ಯಾರು, ಕೇಳುವುದು ಏನು, ನನಗೆ ಗೊತ್ತಿರುವುದಿಲ್ಲ. ನನ್ನ ಇಷ್ಟ ಅಲ್ಲಿ ನಡೆಯುವುದಿಲ್ಲ. ದೇವರು ಕಳಿಸಿದವರು ಅನ್ನುವ ನಂಬಿಕೆ ಅಲ್ಲಿ ಸಲೀಸಾಗಿ ಬರುತ್ತದೆ. ನಾನು ಹಾಗೇ ನಂಬುತ್ತೇನೆ.

ಇದಕ್ಕೆ ನಾನು ಮಾಡಿಕೊಂಡ ತಯಾರಿ ಅಂದರೆ ಬಿಡುವು ಒಂದೇ. ಮೊದಲೆಲ್ಲ ಅಡುಗೆ, ಪೂಜೆ, ಭಜನೆ, ನೆಂಟರ ಮನೆ ಅಂತ ದಿನ ಪೂರ್ತಿ ತುಂಬಿಹೋಗುತ್ತಿತ್ತು. ಯಾರಾದರೂ ಏನಾದರೂ ಕೇಳಿದರೆ ಕೈ ಗಡಿಯಾರ ನೋಡುವ ಹಾಗಿತ್ತು. ಈಗ ವಾರದಲ್ಲಿ ಒಂದು ಬೆಳಗ್ಗೆ ಏನೂ ಇಟ್ಟುಕೊಳ್ಳುವುದಿಲ್ಲ. ಓಪಿಡಿ ಶುರುವಾಗುವ ಹೊತ್ತಿಗೆ ಪೆನ್ನು, ಕಾಗದದ ಕವರು, ಕುಡಿಯುವ ನೀರು ತಗೊಂಡು ಹೋಗುತ್ತೇನೆ. ನಾನಾಗಿ ಯಾರ ಚೀಟಿಯನ್ನೂ ಕೇಳುವುದಿಲ್ಲ. ಸುಮ್ನೆ ಪಕ್ಕದಲ್ಲಿದ್ದವರನ್ನು ಯಾವ ಊರಮ್ಮ ಅಂತ ಮಾತಾಡಿಸುತ್ತೇನೆ. ಬೇಕಾದವರು ತಾವೇ ಕೇಳುತ್ತಾರೆ. ದುಡ್ಡು ಕೊಡುವುದಿಲ್ಲ, ತಗೊಳ್ಳುವುದೂ ಇಲ್ಲ. ಒಬ್ಬರು ತೋಟದ ಟೊಮೇಟೊ ತಂದು ಕೊಟ್ಟಾಗ ಅವರೆದುರೇ ರೋಗಿಗಳ ಜೊತೆ ಬಂದಿದ್ದವರಿಗೆ ಹಂಚಿಬಿಟ್ಟೆ. ಅವರಿಗೂ ಖುಷಿಯಾಯಿತು.

ಯಾರೂ ಏನೂ ಕೇಳದ ಬೆಳಗ್ಗೆಗಳೂ ಇವೆ. ಆಗ ಕೂತಲ್ಲೇ ಮನಸ್ಸಿನಲ್ಲಿ ತಾತಯ್ಯನ ನಾಮ ಹೇಳಿಕೊಳ್ಳುತ್ತೇನೆ. ಮಂಡಳಿಯ ಇನ್ನೊಬ್ಬ ಅಕ್ಕ ಈಗ ಜೊತೆಗೆ ಬರುತ್ತಾರೆ. ಅವರಿಗೆ ತೆಲುಗಿನ ಜೊತೆ ಉರ್ದುವೂ ಬರುತ್ತದೆ. ಅವರು ಬಂದ ಮೇಲೆ ಸಿಸ್ಟರ್‌ಗಳು ಕರೆಯುವುದು ಜಾಸ್ತಿ ಆಗಿದೆ.